ಶ್ರೀ ಮೌನೇಶ್ವರ ಸೌಂಡ್ ಸರ್ವಿಸ್

ನಮ್ಮ ಊರಿನ ಹೆಸರು ನಾನು ಹೇಳುವುದಿಲ್ಲ. ಹೇಳಿದರೆ ನೀವು ಬರುತ್ತೀರಿ. ಬಂದವರು ಗುಡ್ಡದ ಕೆಳಗೆ ನಿಂತು "ಹೋ" ಎಂದು ಕೂಗುತ್ತೀರಿ, ಫೋಟೋ ತೆಗೆದುಕೊಂಡು ಹೋಗುತ್ತೀರಿ. ಆ "ಹೋ" ಮುಂದೆ ನಲವತ್ತು ವರ್ಷಕ್ಕೆ ತಿರುಗಿ ಬಂದಾಗ ಕೇಳಿಕೊಂಡು ಕೂರಬೇಕಾದವರು ನಮ್ಮ ಮಕ್ಕಳು. ಅವರಿಗೆ ಬಿಟ್ಟುಹೋಗಲು ನಮ್ಮ ಹತ್ತಿರ ಈಗಾಗಲೇ ಬೇಕಾದಷ್ಟು ತಲೆನೋವುಗಳಿವೆ.

ಬೇರೆ ಊರುಗಳಲ್ಲಿ ಗುಡ್ಡದ ಎದುರು ಕೂಗಿದರೆ ಕೂಗು ಕೂಡಲೇ ತಿರುಗಿ ಬರುತ್ತದಂತೆ. ನಮ್ಮ ಗುಡ್ಡಕ್ಕೆ ಅಂಥ ಅವಸರವಿಲ್ಲ. ಕೂಗಿದ್ದನ್ನು ಒಳಗಿಟ್ಟುಕೊಂಡು, ಕೂಗಿದವನು ಅದನ್ನು ಮರೆತು, ಮಕ್ಕಳ ಮದುವೆ ಮಾಡಿ, ಹಲ್ಲು ಕಳೆದುಕೊಂಡ ಮೇಲೆ ನಿಧಾನವಾಗಿ ಕೊಡುತ್ತದೆ. ಮೆಲ್ಲಗೆ ಆಡಿದ್ದು ಅದಕ್ಕೆ ಮುಟ್ಟುವುದಿಲ್ಲ. ಗಂಟಲೆತ್ತಿದ್ದು ಮಾತ್ರ ಅದೇ ದನಿಯಲ್ಲಿ, ಒಂದರ ಹಿಂದೆ ಒಂದು, ಸಾಲು ತಪ್ಪದೆ ಬರುತ್ತದೆ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಎಂದು ಹಿರಿಯರು ಹೇಳಿದ್ದು ಬೇರೆ ಊರಿಗೆ ನಿಜವಿರಬಹುದು. ನಮ್ಮಲ್ಲಿ ಮುತ್ತು ಹೋಗುತ್ತದೆ, ಮಾತು ಹೋಗುವುದಿಲ್ಲ.

ಇಂಥ ಊರಿನಲ್ಲಿ ನಮ್ಮಪ್ಪ ಮೈಕ್ ಸೆಟ್ ಬಾಡಿಗೆಗೆ ಕೊಡುವ ಅಂಗಡಿ ಹಾಕಿದ. ಯಾಕೆ ಹಾಕಿದ ಎಂದು ಕೇಳಬೇಡಿ; ನಾನು ಕೇಳಿದಾಗಲೂ ಅವನು ಮೆಲ್ಲಗೆ ಏನೋ ಹೇಳಿದ, ನನಗೆ ಕೇಳಿಸಲಿಲ್ಲ. ಮನೆದೇವರ ಹೆಸರೇ ಇರಲಿ ಎಂದು ಬೋರ್ಡಿನ ಮೇಲೆ "ಶ್ರೀ ಮೌನೇಶ್ವರ ಸೌಂಡ್ ಸರ್ವಿಸ್" ಎಂದು ಬರೆಸಿದ. ನನಗೂ ಮೋನಪ್ಪ ಎಂದೇ ಹೆಸರಿಟ್ಟ. ಹೊರಗಿನಿಂದ ಬಂದವರು ಬೋರ್ಡು ಓದಿ ನಗುತ್ತಾರೆ. ನಮ್ಮೂರವರು ನಗುವುದಿಲ್ಲ. ಅವರ ಪ್ರಕಾರ ಅಂಗಡಿ ಹೆಸರಿಗೆ ತಕ್ಕಂತೆ ನಡೆಯುತ್ತಿತ್ತು. ವರ್ಷದಲ್ಲಿ ನನಗೆ ಸಿಗುತ್ತಿದ್ದದ್ದು ಸುತ್ತಲಿನ ಹಳ್ಳಿಗಳ ಒಂದೆರಡು ಮದುವೆ ಮತ್ತು ಒಂದು ಕಬಡ್ಡಿ ಪಂದ್ಯ. ಉಳಿದ ದಿನ ಹಾರ್ನುಗಳ ಒಳಗೆ ಗೂಡು ಕಟ್ಟಿದ ಗುಬ್ಬಿಗಳನ್ನು ನೋಡಿಕೊಂಡಿರುತ್ತಿದ್ದೆ.

ಊರು ಇದಕ್ಕೆಲ್ಲ ಹೊಂದಿಕೊಂಡುಬಿಟ್ಟಿದೆ. ಶಾಲೆಯಲ್ಲಿ ಮಕ್ಕಳು ಮಗ್ಗಿಯನ್ನು ಗುಟ್ಟು ಹೇಳುವವರ ಹಾಗೆ ಹೇಳುತ್ತಾರೆ. ಜಗಳ ಆಡಬೇಕಾದವರು ಹಳ್ಳ ದಾಟಿ, ಗುಡ್ಡಕ್ಕೆ ಕೇಳಿಸದ ಬಯಲಿಗೆ ಆಟೋ ಮಾಡಿಕೊಂಡು ಹೋಗುತ್ತಾರೆ. ಇಬ್ಬರೂ ಒಂದೇ ಆಟೋದಲ್ಲಿ ಹೋಗುವುದರಿಂದ ಅರ್ಧ ಸಿಟ್ಟು ದಾರಿಯಲ್ಲೇ ಇಳಿಯುತ್ತದೆ, ಉಳಿದದ್ದು ಬಾಡಿಗೆ ಯಾರು ಕೊಡಬೇಕು ಎನ್ನುವುದರ ಮೇಲೆ ತೀರುತ್ತದೆ. ಚುನಾವಣೆಯಲ್ಲಿ ಅಭ್ಯರ್ಥಿಗಳು ಮನೆಮನೆಗೆ ಬಂದು ಕಿವಿಯಲ್ಲಿ ಭರವಸೆ ಕೊಡುತ್ತಾರೆ. ಕೂಗಿ ಕೊಟ್ಟರೆ ನಲವತ್ತು ವರ್ಷದ ಮೇಲೆ ಮೊಮ್ಮಗನ ಚುನಾವಣೆ ಹೊತ್ತಿಗೆ ಅದೇ ಭರವಸೆ ತಿರುಗಿ ಬಂದು ಕಾಡುತ್ತದೆ. ಫೋನಿನಲ್ಲಿ ನಮ್ಮೂರವರ ಮಾತು ಪರವೂರಿನ ನೆಂಟರಿಗೆ ಕೇಳಿಸುವುದೇ ಇಲ್ಲ. ಬರೆದಾದರೂ ಕೂಗೋಣವೆಂದರೆ ಇಂಗ್ಲಿಷಿನಲ್ಲಿ ಇದ್ದ ಹಾಗೆ ದೊಡ್ಡಕ್ಷರ ನಮ್ಮ ಕನ್ನಡದಲ್ಲಿ ಇಲ್ಲ. ಆದ್ದರಿಂದ ನಮ್ಮ ಓಣಿಯ ವಾಟ್ಸಾಪ್ ಗುಂಪಿನಲ್ಲಿ ಒಂದೊಂದು ಮಾತಿನ ಹಿಂದೆ ಬೇಲಿ ಗೂಟದ ಹಾಗೆ ಸಾಲಾಗಿ ಆಶ್ಚರ್ಯಸೂಚಕ ಚಿಹ್ನೆಗಳು ನಿಂತಿರುತ್ತವೆ.

ಕೂಗುವವರು ಹೊರಗಿನವರು ಮಾತ್ರ. ಚಿಮಣಿ ಎಣ್ಣೆ ಮಾರುತ್ತಿದ್ದವನು ಪರವೂರಿನವನು, ಅವನಿಗೇನು ಗೊತ್ತು. ಸತ್ತು ಯಾವ ಕಾಲವಾಯಿತೋ, ಇವತ್ತಿಗೂ ಮುಂಜಾನೆ "ಚಿಮಣಿ ಎಣ್ಣೀ" ಎಂದು ಅವನ ದನಿ ಬರುತ್ತದೆ. ಗ್ಯಾಸ್ ಒಲೆ ಇರುವ ಮನೆಯ ಮುದುಕಿಯರೂ ಅರೆನಿದ್ದೆಯಲ್ಲಿ ಎದ್ದು ಡಬ್ಬಿ ಹುಡುಕುತ್ತಾರೆ. ಬೈಗುಳಗಳದ್ದು ಇನ್ನೊಂದು ಕಥೆ. ಅವು ನಮ್ಮಲ್ಲಿ ತಂದೆಯಿಂದ ಮಗನಿಗೆ ಬರುವುದಿಲ್ಲ, ನಡುವೆ ಒಂದು ತಲೆಮಾರು ಬಿಟ್ಟು ಮೊಮ್ಮಕ್ಕಳಿಗೆ ಬರುತ್ತವೆ. ಇಂಗ್ಲಿಷ್ ಮೀಡಿಯಂ ಓದುವ ಹುಡುಗಿ ಗೆಳತಿಗೆ "ನಿನ್ನ ನಾಲಿಗಿ ಸೇದಿ ಹೋಗ್ಲಿ" ಎನ್ನುತ್ತಾಳೆ. ಅವಳ ತಾಯಿಗೆ "ಶಟಪ್" ಬಿಟ್ಟರೆ ಬೇರೆ ಬರುವುದಿಲ್ಲ. ಕನ್ನಡ ಉಳಿಸಬೇಕು ಎಂದು ಸಭೆ ಮಾಡುವವರು ನಮ್ಮ ಗುಡ್ಡಕ್ಕೆ ಒಂದು ಶಾಲು ಹೊದಿಸಬಹುದು.

ಇನ್ನು ನಮ್ಮ ಊರಿನ ಇತಿಹಾಸ. ಅದು ಬಹಳ ಉದ್ದವಿಲ್ಲ, ಒಂದೇ ವಾಕ್ಯ. ನಲವತ್ತು ವರ್ಷದ ಹಿಂದೆ ಗುಡ್ಡವನ್ನು ಒಡೆದು ಜಲ್ಲಿ ಮಾಡಲು ಅಧಿಕಾರಿಗಳು ಜೀಪಿನಲ್ಲಿ ಬಂದರು. ಗುಡ್ಡದ ಮೇಲಿದ್ದ ಅಡಿವೆಪ್ಪನವರು ಒಂದು ಗರ್ಜನೆ ಮಾಡಿದರು. ಅಧಿಕಾರಿಗಳು ಕೋಟನ್ನು ತಲೆಯ ಮೇಲೆ ಎಳೆದುಕೊಂಡು ಓಡಿದವರು ಮತ್ತೆ ಬರಲಿಲ್ಲ. ಕೆಳಗೆ ಪೇಟೆಯಲ್ಲಿದ್ದ ಮಂದಿಗೆ ಗರ್ಜನೆ ಕೇಳಿಸಿತು, ಓಟ ಕಾಣಿಸಿತು, ಮಾತು ತಿಳಿಯಲಿಲ್ಲ. ಆಮೇಲೆ ಮುಖವೆಲ್ಲ ಬಾತುಕೊಂಡು ಇಳಿದು ಬಂದ ಅಡಿವೆಪ್ಪನವರನ್ನು ನೋಡಿ, ಸಾಹೇಬರ ಕಡೆಯವರು ಹೊಡೆದಿದ್ದಾರೆ ಎಂದುಕೊಂಡು ಹೆಗಲ ಮೇಲೆ ಹೊತ್ತು ಮೆರವಣಿಗೆ ಮಾಡಿದರು. ಅವರ ಒಂದೇ ಒಂದು ಫೋಟೋ ಅವತ್ತು ತೆಗೆದದ್ದು. ಅದನ್ನೇ ನೋಡಿ ಕಲ್ಲು ಕಡೆದಿದ್ದರಿಂದ ಪೇಟೆಯ ನಡುವಿನ ಮೂರ್ತಿಗೂ ಕೆನ್ನೆ ಬಾತಿದೆ, ಒಂದು ಕಣ್ಣು ಮುಚ್ಚಿದೆ.

ಗರ್ಜನೆಯಲ್ಲಿ ಅವರು ಹೇಳಿದ್ದೇನು ಎನ್ನುವುದಕ್ಕೆ ಮೊದಲು ಹತ್ತಾರು ಪಾಠಗಳಿದ್ದವು. ಕೇಳಿದವರೆಲ್ಲ ಬೇರೆಬೇರೆ ಕೇಳಿದ್ದರು, ಅವತ್ತು ಊರಲ್ಲೇ ಇರದವರು ಎಲ್ಲರಿಗಿಂತ ಸ್ಪಷ್ಟವಾಗಿ ಕೇಳಿದ್ದರು. ಕೊನೆಗೆ ಇತಿಹಾಸ ಹೇಳಿಕೊಡುವ ಹಂಪಣ್ಣ ಮಾಸ್ತರರು ಎಲ್ಲವನ್ನೂ ಸೋಸಿ ಒಂದು ಮಾಡಿದರು. ಕೈ ಎತ್ತಿಸಿ ಒಪ್ಪಿಗೆ ಪಡೆದು ಮೂರ್ತಿಯ ಕೆಳಗೆ ಕೆತ್ತಿಸಿದರು: "ಈ ಗಿರಿಯ ಕಣಕಣವೂ ಎನ್ನ ಪ್ರಾಣ, ಮುಟ್ಟಿದಿರಾದರೆ ಜೋಕೆ!" ಅಡಿವೆಪ್ಪನವರು ಆಗಿನ್ನೂ ಬದುಕಿದ್ದರು. ಬದುಕಿದ್ದಷ್ಟು ದಿನ ಅವರು ಗುಡ್ಡಕ್ಕೆ ಗುಡ್ಡ ಎನ್ನುತ್ತಿದ್ದರು. ಕಲ್ಲಾದ ಮೇಲೆ ಗಿರಿ ಎನ್ನತೊಡಗಿದರು.

ಅವರ ಹೆಂಡತಿ ಚಂಪವ್ವ ನಮ್ಮ ಪಕ್ಕದ ಮನೆ. ನಮ್ಮ ಕಡೆ ಅಜ್ಜಿಗೆ ಆಯಿ; ನಾನೂ ಆಯಿ ಎನ್ನುತ್ತೇನೆ. ಗುಡ್ಡವೀರರ ಪತ್ನಿ ಎಂದು ಊರಿನ ಯಾವ ಸಭೆಯಿದ್ದರೂ ವೇದಿಕೆಯ ನಡುವಿನ ಕುರ್ಚಿ ಅವಳದು. ಅವಳು ಕುಳಿತ ಮೇಲೆ ಉಳಿದವರು ಕುಳಿತುಕೊಳ್ಳಬೇಕು, ಅವಳು ನಿಂತರೆ ಎಲ್ಲರೂ ನಿಲ್ಲಬೇಕು. ಇದು ಎಲ್ಲೂ ಬರೆದ ಕಾನೂನಲ್ಲ, ಆದರೆ ಊರವರಲ್ಲಿ ಮುರಿದವರಿಲ್ಲ. ಒಮ್ಮೆ ಜಿಲ್ಲೆಯಿಂದ ಬಂದ ದೊಡ್ಡ ಮನುಷ್ಯರೊಬ್ಬರು ಮೊದಲು ಕುಳಿತರು. ಆ ಮೇಲೆ ಅವರಿಗೆ ನಮ್ಮೂರಲ್ಲಿ ಚಹಾ ಸಿಗಲಿಲ್ಲ.

ಈ ವರ್ಷ ಹೋಳಿ ಮುಗಿದ ಹೊತ್ತಿಗೆ ಊರಿನ ಹಿರಿಯರ ಮುಖ ಸಪ್ಪಗಾಗತೊಡಗಿತು. ಗುಡ್ಡದಿಂದ ಬರುತ್ತಿದ್ದದ್ದು ಗರ್ಜನೆಯ ವರ್ಷದ ಬೇಸಿಗೆ. ಆ ಬೇಸಿಗೆಯಲ್ಲಿ ಬಂದಿದ್ದ ದೊಂಬರಾಟದ ಡೋಲು ಬಂತು, ಬೆಂಕಿ ಬಿದ್ದ ಬಣವೆಯ ಸುತ್ತ ನಿಂತವರ ಬೊಬ್ಬೆ ಬಂತು. ಇನ್ನು ಸಾಹೇಬರ ಜೀಪು, ಅದರ ಹಿಂದೆ ಗರ್ಜನೆ. ಹಂಪಣ್ಣ ಮಾಸ್ತರರಿಗೆ ಊಟ ಸೇರದಂತಾಯಿತು. ಇತಿಹಾಸ ಬರೆದವರಿಗೆ ಎಲ್ಲ ಕಡೆ ಇರುವ ಸುಖವೆಂದರೆ ಸತ್ತವರು ಎದ್ದು ಬಂದು ಅಲ್ಲ ಎನ್ನುವುದಿಲ್ಲ. ನಮ್ಮಲ್ಲಿ ಆ ಸುಖವಿಲ್ಲ.

ಒಂದು ದಿನ ಪಂಚಾಯಿತಿ ಅಧ್ಯಕ್ಷ ಬಾಪುಗೌಡರು ಮಾಸ್ತರರನ್ನು ಕರೆದುಕೊಂಡು ನನ್ನ ಅಂಗಡಿಗೆ ಬಂದರು. ನಮ್ಮಪ್ಪ ಅಂಗಡಿ ಹಾಕಿದ ಮೇಲೆ ಅಧ್ಯಕ್ಷರೊಬ್ಬರು ಒಳಗೆ ಕಾಲಿಟ್ಟಿದ್ದು ಅದೇ ಮೊದಲು.

"ಮೋನಪ್ಪಾ, ನಿನ್ನ ಕಡೆ ಹಾರ್ನು ಎಷ್ಟ ಅದಾವ?" ಎಂದು ಗೌಡರು ಕಿವಿಯಲ್ಲಿ ಕೇಳಿದರು.

"ಆರು ಅದಾವ್ರೀ. ಗುಬ್ಬಿ ಬಿಡಿಸಿದ್ರ ಎಂಟು."

"ಎಂಟೂ ಬೇಕು. ಸೌಂಡ್ ಡಬ್ಬಾ, ಜನರೇಟರ್, ಏನೈತಿ ಎಲ್ಲಾ ಬೇಕು. ಗರ್ಜನೆ ದಿನ ವಿಜಯೋತ್ಸವ ಮಾಡೂನು. ಬ್ಯಾಂಡಿನವರಿಗೂ ಹೇಳೀನಿ. ಮುಂಜಾನಿಂದ ಸಂಜೀತನಕ ಒಂದ ಸವನ ಬಾರಿಸಬೇಕು. ಸೊಳ್ಳಿ ಹಾಡಿದ್ದೂ ಕೇಳಿಸಬಾರದು."

"ಅಡಿವೆಪ್ಪಜ್ಜಾರ ಗರ್ಜನೆ ಕೇಳಸಬೇಕಲ್ರೀ?"

ಗೌಡರು ಮಾಸ್ತರರ ಮುಖ ನೋಡಿದರು. ಮಾಸ್ತರರು ಗಂಟಲು ಸರಿಮಾಡಿಕೊಂಡು, "ಗರ್ಜನೆ ಈಗಾಗಲೇ ನಮ್ಮ ಎದಿಯಾಗ ಐತಿ. ಮತ್ತ ಕಿವ್ಯಾಗ ಯಾಕ?" ಎಂದರು.

ನನಗೆ ಅರ್ಥವಾಯಿತು. ಆದರೂ ಊರಿನವನಾಗಿ ಒಂದು ಮಾತು ಹೇಳಬೇಕಿತ್ತು. "ಗೌಡ್ರ, ಈ ಗದ್ದಲ ಪೂರಾ ನಲವತ್ತು ವರ್ಷಕ್ಕ ತಿರುಗಿ ಬರತೈತ್ರೀ. ದಿನಾನ ಪೂರಾ."

"ಬರಲಿ ಬಿಡೋ. ಆವಾಗ ನಾ ಇರ್ತೀನೇನು? ಯಾಂವ ಅಧ್ಯಕ್ಷ ಇರ್ತಾನೋ ಅಂವ ನೋಡ್ಕೊಂತಾನ," ಎಂದರು ಗೌಡರು. ನಮ್ಮ ಊರೂ ಬೇರೆ ಊರುಗಳ ಹಾಗೇ ಎಂದು ನನಗೆ ಆವತ್ತು ಖಾತ್ರಿಯಾಯಿತು.

ಖುಷಿಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಹಾರ್ನುಗಳನ್ನು ಹುಣಸೆಹಣ್ಣು ಹಾಕಿ ತಿಕ್ಕಿದೆ. ವೈರು ಹರವಿಕೊಂಡು ಕುಳಿತೆ. ನಮ್ಮಾಕಿ ಬಾಗಿಲಲ್ಲಿ ನಿಂತು ನೋಡಿ, "ಮದವಿ ದಿನಾನೂ ಇಷ್ಟ ನಗಲಿಲ್ಲ ನೀವು," ಎಂದಳು. ಆಕೆಯ ಹೆಸರನ್ನು ನಾನು ಇಲ್ಲಿ ಬರೆಯುತ್ತಿಲ್ಲ. ನಮ್ಮ ಕಡೆ ಗಂಡ ಹೆಂಡತಿಯ ಹೆಸರು ಹಿಡಿದು ಕರೆಯುವುದಿಲ್ಲ. ಏ, ಇಕೀ, ಕೇಳಿಲ್ಲೇ ಎನ್ನುವುದರಲ್ಲೇ ಸಂಸಾರ ಮುಗಿಯುತ್ತದೆ. ಹೆಂಡತಿಯಂತೂ ಗಂಡನ ಹೆಸರನ್ನು ಮದುವೆಯ ದಿನ ಒಡಪಿನ ಪದ್ಯದಲ್ಲಿ ಒಮ್ಮೆ ಹೇಳಿದರೆ ಮುಗಿಯಿತು, ಆಮೇಲೆ ಅದು ಊರವರ ಆಸ್ತಿ.

ಮರುದಿನ ಮಧ್ಯಾಹ್ನ ಚಂಪವ್ವ ಆಯಿ ಅಂಗಡಿಗೆ ಬಂದಳು. ಹೊಳೆಯುವ ಹಾರ್ನಿನಲ್ಲಿ ಮುಖ ನೋಡಿಕೊಂಡಳು. ಸ್ಟೂಲು ಎಳೆದುಕೊಟ್ಟರೂ ಕೂರಲಿಲ್ಲ, ಆದ್ದರಿಂದ ನಾನೂ ನಿಂತೇ ಇದ್ದೆ.

"ಮೋನ್ಯಾ, ಆವತ್ತ ನಾ ಗುಡ್ಡದ ಮ್ಯಾಲೆ ಇದ್ದೆ ಗೊತ್ತೈತೇನು ನಿನಗ?" ಎಂದಳು.

ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ. ಪಾಠದಲ್ಲಿ ಗುಡ್ಡದ ಮೇಲೆ ಅಡಿವೆಪ್ಪನವರೊಬ್ಬರೇ ಇದ್ದಾರೆ.

"ನಿಮ್ಮಜ್ಜ ಆವತ್ತ ಅಲ್ಲಿ ಹೋಗಿದ್ದು ಸಾಹೇಬ್ರ ಜತಿ ಕೂಲಿಗೆ. ಅಳತಿ ಸರಪಳಿ ಹಿಡೀಲಿಕ್ಕೆ. ನಾ ಬುತ್ತಿ ಕಟ್ಟಿಕೊಂಡು ಹೋಗಿದ್ದೆ. ರೊಟ್ಟಿ, ಪುಂಡಿಪಲ್ಲೆ. ಸಾಹೇಬ್ರ ಕಡಿಯಾಂವ ಬಂಡಿಗಲ್ಲಿಗೆ ಸುತ್ತಿಗಿ ಹೊಡದಾ. ಬುಡಕ ಹೆಜ್ಜೇನ ಇತ್ತು. ಎದ್ದು ಬಿಟ್ಟೂವು. ಅದಕ್ಕ ತಮ್ಮಾ ಅವರು ಓಡಿದ್ದು. ಅದಕ್ಕ ನಿಮ್ಮಜ್ಜನ ಮಾರಿ ಬಾತಿದ್ದು."

ನಾನು ಕೈಯಲ್ಲಿದ್ದ ಹುಣಸೆಹಣ್ಣನ್ನು ಕೆಳಗಿಟ್ಟೆ. "ಮತ್ತ ಇಷ್ಟ ದಿನಾ ಯಾಕ ಹೇಳಲಿಲ್ಲ ಆಯಿ?"

"ಮಂದಿ ಹಾರ ಹಾಕಿಬಿಟ್ಟಿದ್ರಲ್ಲೋ. ಹಾಕಿದ ಹಾರ ತಗದು, ಜೇನ ಕಡದೈತಿ ಅಂತ ಹೆಂಗ ಹೇಳೂದು? ಅವರೂ ಎರಡು ದಿನಾ ಹೇಳ್ಬೇಕು ಅಂದ್ರು, ಮೂರನೇ ದಿನಾ ಶಾಲು ಹೊದಿಸಿದ್ರು, ಸುಮ್ಮನಾದ್ರು." ಆಯಿ ನಕ್ಕಳು. ಆಮೇಲೆ ನಗು ನಿಲ್ಲಿಸಿದಳು. "ಅದೆಲ್ಲಾ ಇರಲಿ. ನಾ ಬಂದಿದ್ದು ಬ್ಯಾರೆ ಮಾತಿಗೆ. ಜೇನ ಎದ್ದಾಗ ಅವರು ಒದರಿದ್ರು. ನನ್ನ ಕಿವಿ ಸುತ್ತ ಗುಂಯ್ ಅಂತಿತ್ತು. ಅದರಾಗ ಅವರು ನನ್ನ ಹೆಸರ ಹಿಡದು ಕರದಂಗಾತು. ಚಂಪಾ ಅಂತ. ಲಗ್ನಾದ ಮ್ಯಾಲೆ ಒಂದ ದಿನಾ ಕರದವರಲ್ಲ. ಆಮ್ಯಾಲೂ ಕರೀಲಿಲ್ಲ. ಮನಿಗೆ ಬಂದು ಕೇಳಿದೆ, ಆವಾಗ ನನ್ನ ಹೆಸರ ಹಿಡದ್ರೆಲ್ಲಾ ಅಂತ. ಹುಚ್ಚೀ, ಊರ ಮುಂದ ನಾ ಯಾಕ ನಿನ್ನ ಹೆಸರ ಹಿಡೀಲಿ, ಜೇನ ನಿನ್ನ ತಲಿಗೇ ಕಡದೈತಿ ಅಂದ್ರು. ಸಾಯೂ ಮುಂದೂ ಕೇಳಿದೆ. ಗ್ವಾಡಿ ಕಡೆ ಮಾರಿ ತಿರಿವಿದ್ರು."

ನಾನು ಹರವಿದ್ದ ವೈರನ್ನು ಬದಿಗೆ ಸರಿಸಿದೆ.

"ಅಂದಿದ್ರೋ ಇಲ್ಲೋ, ಅಷ್ಟ ನನಗ ಗೊತ್ತಾಗಬೇಕು ಮೋನ್ಯಾ. ಅದಕ್ಕ ಇಷ್ಟು ವರ್ಷ ಗಟ್ಟಿ ಕುಂತೀನಿ. ಈ ಗುಡ್ಡಕ್ಕ ಒಂದು ಸಲ ಹೇಳೂದಷ್ಟ ಗೊತ್ತು. ಆ ಹೊತ್ತಿಗೆ ನೀ ಈ ಹಿತ್ತಾಳಿ ಬಾಯಿ ಮುಚ್ಚು."

ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯ ಹಾಗಾಯಿತು ನನ್ನ ಸ್ಥಿತಿ. "ಆಯಿ, ನಾ ಬಾಯಿ ಮುಚ್ಚಿದ್ರ ಬ್ಯಾಂಡಿನವರು ಮುಚ್ಚತಾರೇನು? ಗೌಡ್ರು ನನ್ನ ಅಂಗಡಿಗೆ ಕೀಲಿ ಜಡೀತಾರ. ನಾ ಬಾಳ ಸಣ್ಣಾಂವ," ಎಂದೆ. ಹಾಗೆ ಹೇಳುವಾಗ ಅವಳ ಮುಖ ನೋಡಲು ಆಗಲಿಲ್ಲ. ಹಾರ್ನಿನಲ್ಲಿ ನೋಡಿದೆ, ಅಲ್ಲಿ ಅದು ಇನ್ನೂ ದೊಡ್ಡದಾಗಿ ಕಾಣಿಸಿತು.

ಆಯಿ ಹಾರ್ನಿನ ಅಂಚಿನ ಮೇಲೆ ಬೆರಳಾಡಿಸಿದಳು. "ಕಾರ್ಯಕ್ರಮ ಸುರೂ ಮಾಡಾಕಿ ನಾನ ಹೌದಲ್ಲ?"

"ಹೌದ್ರೀ. ನೀವ ಉದ್ಘಾಟನೆ ಮಾಡಬೇಕು."

"ಮೈಕ ನನ್ನ ಕೈಯಾಗ ಕೊಡ್ತಿ?"

"ಕೊಡಲೇಬೇಕ್ರೀ."

"ಆತು ಹಂಗಾರ," ಎಂದು ಆಯಿ ಹೋದಳು. ಬಾಗಿಲಲ್ಲಿ ತಿರುಗಿ, "ಗುಬ್ಬಿ ಮರಿ ಎಲ್ಲಿಟ್ಟಿ?" ಎಂದು ಕೇಳಿದಳು. ತೊಲೆಯ ಮೇಲೆ ಇಟ್ಟಿದ್ದೆ, ತೋರಿಸಿದೆ.

ವಿಜಯೋತ್ಸವದ ದಿನ ಮೂರ್ತಿಯ ಮುಂದೆ ಪೆಂಡಾಲು, ಎಂಟು ದಿಕ್ಕಿಗೆ ಎಂಟು ಹಾರ್ನು. ಪರವೂರಿನ ಬ್ಯಾಂಡಿನವರು ಕೆಂಪು ಅಂಗಿ ಹಾಕಿಕೊಂಡು ಸಾಲಾಗಿ ನಿಂತಿದ್ದರು. ಊರೆಲ್ಲ ಸೇರಿತ್ತು. ಊರಿಗೆ ಎರಡು ಆಸೆಗಳಿದ್ದವು: ಗರ್ಜನೆ ಕೇಳಿಸಬಾರದು ಎಂದೂ ಇತ್ತು, ಕೇಳಿಸಿಯೇಬಿಡಲಿ ಎಂದೂ ಇತ್ತು. ಮುಂಜಾನೆ ಚಿಮಣಿ ಎಣ್ಣೆಯವನು ಕೂಗಿ ಹೋದ. ಆಮೇಲೆ, ಆಯಿ ವೇದಿಕೆ ಹತ್ತುವ ಹೊತ್ತಿಗೆ ಸರಿಯಾಗಿ, ಗುಡ್ಡದ ಕಡೆಯಿಂದ ಜೀಪಿನ ಹಾರ್ನು ಬಂತು. ಪಾಂ ಪಾಂ ಎಂದು ಎರಡು ಸಲ. ಬಾಪುಗೌಡರು ಬ್ಯಾಂಡಿನವರಿಗೆ ತಯಾರಾಗಿ ಎಂದು ಕೈ ಮಾಡಿದರು. ನನಗೂ ಕಣ್ಣು ಮಾಡಿದರು. ನಾನು ಮೈಕನ್ನು ಆಯಿಯ ಕೈಗೆ ಕೊಟ್ಟೆ.

"ಉದ್ಘಾಟಿಸಿದ್ದೇನೆ, ಅಂದ್ರ ಸಾಕವ್ವಾ," ಎಂದು ಗೌಡರು ಮೆಲ್ಲಗೆ ಹೇಳಿದರು.

ಆಯಿ ಸೆರಗು ಸರಿಮಾಡಿಕೊಂಡಳು. ಎಂಟೂ ಹಾರ್ನಿನಲ್ಲಿ ಅವಳ ಉಸಿರು ಕೇಳಿಸಿತು. "ಎಲ್ಲಾರಿಗೂ ಶರಣು. ಮೊದಲ ನಮ್ಮ ಮನಿಯವರ ನೆನಪಿಗೆ ಎರಡು ನಿಮಿಷ ಮೌನ ಮಾಡೂನು. ಎಲ್ಲಾರೂ ಎದ್ದು ನಿಂದರ್ರಿ," ಎಂದಳು.

ಇದಕ್ಕೆ ಯಾರು ಏನು ಹೇಳುವುದು? ಸತ್ತವರ ಹೆಸರಿನಲ್ಲಿ ಅವರ ಹೆಂಡತಿ ಮೌನ ಕೇಳಿದ್ದಾಳೆ. ಗೌಡರು ಎದ್ದರು, ಮಾಸ್ತರರು ಎದ್ದರು, ಊರು ಎದ್ದಿತು. ಬ್ಯಾಂಡಿನವರು ತುತ್ತೂರಿಗಳನ್ನು ಎದೆಗೆ ಆನಿಸಿಕೊಂಡು ತಲೆ ಬಗ್ಗಿಸಿದರು. ಎರಡು ನಿಮಿಷವಾಯಿತು. ಆಯಿ ತಲೆ ಎತ್ತಲಿಲ್ಲ. ಇನ್ನೂ ಎರಡಾಯಿತು. ನಮ್ಮ ಊರಿನಲ್ಲಿ ಆಯಿ ನಿಂತಿರುವಾಗ ಕೂರುವ ಗಂಡು ಹುಟ್ಟಿಲ್ಲ, ಅವಳ ಗಂಡನ ಮೌನ ಮುರಿಯುವವನಂತೂ ಇಲ್ಲವೇ ಇಲ್ಲ.

ಆ ಮೌನದಲ್ಲಿ ಕೇಳಿಸುತ್ತಿದ್ದದ್ದು ನನ್ನ ಜನರೇಟರ್ ಒಂದೇ. ಪೆಂಡಾಲಿನ ಹಿಂದೆ ಡುಗುಡುಗು ಎನ್ನುತ್ತಿತ್ತು. ಗೌಡರು ತಲೆ ಬಗ್ಗಿಸಿಕೊಂಡೇ ನನ್ನ ಕಡೆ ನೋಡಿದರು. ಅದೊಂದಾದರೂ ಇದೆಯಲ್ಲ ಎನ್ನುವ ಸಮಾಧಾನ ಅವರ ಮುಖದಲ್ಲಿತ್ತು. ನಾನು ಆಯಿಯ ಬೆನ್ನು ನೋಡಿದೆ. ನನ್ನ ಅಂಗಡಿಯ ಬೋರ್ಡು ನೆನಪಾಯಿತು. ಬಗ್ಗಿಕೊಂಡು ಹಿಂದೆ ಹೋಗಿ ಜನರೇಟರ್ ಆಫ್ ಮಾಡಿದೆ.

ಹಾಗೆ ನಾವು ಎಷ್ಟು ಹೊತ್ತು ನಿಂತೆವೋ. ನೆರಳುಗಳು ಕಾಲ ಕೆಳಗೆ ಬಂದವು. ಒಂದು ಮಗು ಅತ್ತಿತು, ತಾಯಿ ಅದರ ಬಾಯಿಗೆ ಬೆಲ್ಲ ತುರುಕಿದಳು. ಗೌಡರ ಫೋನು ಜೇಬಿನಲ್ಲಿ ನಡುಗಿತು, ಅವರು ಅದನ್ನು ಕೈಯಿಂದ ಅದುಮಿ ಹಿಡಿದರು. ಮಾಸ್ತರರು ಕಣ್ಣು ಮುಚ್ಚಿ ತುಟಿ ಆಡಿಸುತ್ತಿದ್ದರು. ತಾವು ಬರೆದ ವಾಕ್ಯವೇ ಬರಲಿ ಎಂದು ಮನೆದೇವರಿಗೆ ಹರಕೆ ಹೊರುತ್ತಿದ್ದರು ಎಂದು ಆಮೇಲೆ ಅವರೇ ಹೇಳಿದರು. ಗುಡ್ಡದಿಂದ ಕಲ್ಲಿಗೆ ಸುತ್ತಿಗೆ ಹೊಡೆದ ಸದ್ದು ಬಂತು. ಟಣ್. ಟಣ್. ಆಯಿಯ ಹೆಗಲು ಬಿಗಿಯಾಯಿತು. ಎರಡನೆಯ ಏಟಿನ ಹಿಂದೆಯೇ, ಊರಿಗೆ ಊರೇ ಬಾಯಿ ಬಿಟ್ಟು ನಿಂತಿರುವಾಗ, ಪ್ರಾಯದ ಗಂಡಸೊಬ್ಬನ ದನಿ ಹೆದರಿಕೊಂಡು ಬಂತು.

"ಚಂಪಾ! ಏ ಚಂಪಾ! ಹೆಜ್ಜೇನ ಎದ್ದಾವ! ಸೆರಗ ಹೊಚ್ಕೋ! ಬುತ್ತಿ ಒಗದು ಓಡ! ಚಂಪಾ, ಓಡ!"

ಅಷ್ಟೇ. ಆಮೇಲೆ ಅಧಿಕಾರಿಗಳ ಬೊಬ್ಬೆ ಬಂತು. ಅವರಲ್ಲೊಬ್ಬರು ಅವ್ವನನ್ನು ಕರೆಯುತ್ತಿದ್ದರು. ಅದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಇಡೀ ಊರು ಚಂಪವ್ವ ಆಯಿಯನ್ನೇ ನೋಡುತ್ತಿತ್ತು.

ಆಯಿ ಅಳಲಿಲ್ಲ. ಮುಖ ಕೆಂಪಾಯಿತು. ಹೊಸದಾಗಿ ಮದುವೆಯಾದವಳನ್ನು ಯಾರೋ ರೇಗಿಸಿದ ಹಾಗೆ ಸೆರಗು ಬಾಯಿಗೆ ಹಿಡಿದು ನಕ್ಕಳು. ಆಮೇಲೆ ಕೈಯಲ್ಲಿದ್ದ ಮೈಕಿಗೆ ಊದಿದಳು. ಸದ್ದಿಲ್ಲ. ತಿರುಗಿ ನನ್ನ ಕಡೆ ನೋಡಿ, "ಮೋನ್ಯಾ, ಹಚ್ಚೋ!" ಎಂದಳು. ನಾನು ಓಡಿಹೋಗಿ ಹಗ್ಗ ಎಳೆದೆ. ಒಂದೇ ಎಳೆತಕ್ಕೆ ಜನರೇಟರ್ ಹೊತ್ತಿಕೊಂಡಿತು. ಅದರ ಜನ್ಮದಲ್ಲಿ ಅದು ಹಾಗೆ ಮಾಡಿದ್ದು ಅದೊಂದೇ ಸಲ. ಅವಳ ಗಂಡನ ದನಿ ಮುಚ್ಚಲೆಂದು ತಂದ ಎಂಟೂ ಹಾರ್ನುಗಳಲ್ಲಿ ಆಯಿ ಗುಡ್ಡಕ್ಕೆ ಮುಖ ಮಾಡಿ ಕೂಗಿದಳು:

"ಏ ಅಡಿವೆಪ್ಪಾ! ಕೇಳಸ್ತೋ! ಕೇಳಸ್ತು ನನಗ! ಇಷ್ಟ ದಿನಾ ಸುಳ್ಳ ಹೇಳಿದೆಲ್ಲೋ! ನಾ ಮನಿ ಮುಟ್ಟೀನಿ! ಬುತ್ತೀನೂ ಒಗೀಲಿಲ್ಲ!"

ಹೆಂಗಸರು ಕೈಯನ್ನು ಬಾಯಿಗೆ ಹಿಡಿದರು. ಗಂಡನ ಹೆಸರು, ಅದೂ ಏಕವಚನದಲ್ಲಿ, ಅದೂ ಮೈಕಿನಲ್ಲಿ. ಆಮೇಲೆ ಬ್ಯಾಂಡಿನವರು, ಪಾಪ ಪರವೂರಿನವರು, ಕಾರ್ಯಕ್ರಮ ಶುರುವಾಯಿತೆಂದು ತಿಳಿದು ಮದುವೆಯ ದಿಬ್ಬಣದ ಹಾಡು ಬಾರಿಸಿಬಿಟ್ಟರು. ಆಯಿ ಕುರ್ಚಿಯ ಮೇಲೆ ಕುಳಿತಳು. ಊರೂ ಕುಳಿತಿತು.

ಎಲ್ಲ ಮುಗಿಯಿತು ಎಂದು ನಾನು ತಿಳಿದಿದ್ದೆ. ಆದರೆ ಇತಿಹಾಸವನ್ನು ಅಷ್ಟು ಸುಲಭವಾಗಿ ಕೆಡಿಸಲು ಆಗುವುದಿಲ್ಲ. ಹಂಪಣ್ಣ ಮಾಸ್ತರರು ಎದ್ದು ಮೈಕಿಗೆ ಬಂದರು. ಮಾತಾಡುತ್ತ ಅವರಿಗೆ ಹುರುಪು ಬಂತು.

"ಮಹಾಜನರೇ, ಇಂದು ನಾವು ಕೇಳಿದ್ದು ಸಾಮಾನ್ಯ ಮಾತಲ್ಲ. ಹೆಜ್ಜೇನು ಎಂದರೆ ಏನು? ಒಗ್ಗಟ್ಟಾದ ಜನಶಕ್ತಿ! ಹೆಜ್ಜೇನು ಎದ್ದಿವೆ ಎಂದರೆ ಜನ ಎದ್ದಿದ್ದಾರೆ! ಚಂಪಾ ಎಂದರೆ ಬರೀ ಚಂಪವ್ವನವರಲ್ಲ, ಈ ನಾಡಿನ ಸಮಸ್ತ ತಾಯಂದಿರು!"

"ಹಂಗಾರ ಬುತ್ತಿ ಅಂದ್ರ ಏನ್ರೀ ಮಾಸ್ತರ?" ಎಂದು ಹಿಂದಿನಿಂದ ಯಾರೋ ಕೇಳಿದರು.

ಮಾಸ್ತರರು ಮೂರ್ತಿಯ ಕಡೆ ನೋಡಿದರು. "ಬುತ್ತಿಯ ಕುರಿತು ಇನ್ನೂ ಸಂಶೋಧನೆ ನಡೆಯಬೇಕಾಗಿದೆ," ಎಂದರು. ಜನ ಚಪ್ಪಾಳೆ ತಟ್ಟಿದರು. ಈಗ ಮಕ್ಕಳ ಪಾಠದಲ್ಲಿ ಗರ್ಜನೆಯ ಕೆಳಗೆ ಹೆಜ್ಜೇನಿನ ತಾತ್ಪರ್ಯವೂ ಸೇರಿದೆ, ಪರೀಕ್ಷೆಗೆ ಬರುತ್ತದೆ. ಮೂರ್ತಿಯ ಕೆಳಗಿನ ವಾಕ್ಯವನ್ನು ಯಾರೂ ಅಳಿಸಿಲ್ಲ. ಆಯಿಯೇ ಬೇಡ ಎಂದಳು. "ಇರಲಿ ಬಿಡ್ರಿ. ಅಕ್ಷರ ಚಂದ ಅದಾವ," ಎಂದಳು.

ಬಾಪುಗೌಡರು ನನ್ನ ಅಂಗಡಿಗೆ ಕೀಲಿ ಹಾಕಲಿಲ್ಲ. ಹಾಕುವುದಕ್ಕೆ ಪುರುಸೊತ್ತೂ ಇರಲಿಲ್ಲ. ಅವತ್ತು ಮನೆಗೆ ಹೋದ ಗಂಡಸರಿಗೆಲ್ಲ ಊಟಕ್ಕೆ ಬಡಿಸುವಾಗ ಒಂದೇ ಪ್ರಶ್ನೆ ಎದುರಾಗಿತ್ತು. "ಜೇನ ಎದ್ರ ನೀವು ನನ್ನ ಏನಂತ ಕರೀತೀರಿ?" ಗೌಡರ ಮನೆಯಲ್ಲೂ ಇದೇ ಆಗಿರಬೇಕು. ಮುಂದಿನ ಭಾನುವಾರ ಗುಡ್ಡದ ಕೆಳಗೆ ಮೊದಲು ನಿಂತು, ಮೈಕ್ ಹಿಡಿದು, ಕಿವಿ ಕೆಂಪು ಮಾಡಿಕೊಂಡು ಹೆಂಡತಿಯ ಹೆಸರು ಕೂಗಿದವರು ಅವರೇ. ಈಗ ಪ್ರತಿ ಭಾನುವಾರ ಅಲ್ಲಿ ಗಂಡಸರ ಸಾಲು. ಹೆಂಡತಿಯರು ಪಕ್ಕದಲ್ಲಿ ನಿಂತು, ಸರಿಯಾಗಿ ಕೂಗಿದರೋ ಇಲ್ಲವೋ ನೋಡುತ್ತಾರೆ. ಕೆಲವರು ಇನ್ನೊಂದು ಸಲ ಹೇಳಿಸುತ್ತಾರೆ. ಮೈಕು ನನ್ನದು. ನಲವತ್ತು ವರ್ಷದ ಮೇಲೆ ನಮ್ಮ ಊರಿನಲ್ಲಿ ಭಾನುವಾರಗಳು ಹೇಗಿರುತ್ತವೋ, ಆಗಿನ ಅಧ್ಯಕ್ಷರು ನೋಡಿಕೊಳ್ಳಲಿ.

ಚಂಪವ್ವ ಆಯಿಯ ಮಾತು ತಿರುಗಿ ಬರುವ ದಿನ ನಾನಿರುವುದಿಲ್ಲ. ಅವತ್ತು ಯಾರಾದರೂ ಬ್ಯಾಂಡು ತರಿಸಿದರೆ ಹೋಗಿ ಜನರೇಟರ್ ಆಫ್ ಮಾಡು ಎಂದು ಮಗಳಿಗೆ ಹೇಳಿಟ್ಟಿದ್ದೇನೆ. "ಆವಾಗ ಜನರೇಟರ್ ಎಲ್ಲಿರತಾವಪ್ಪಾ," ಎಂದು ಅವಳು ನಕ್ಕಳು. ಏನಿರುತ್ತದೋ ಅದನ್ನು ಆಫ್ ಮಾಡು ಎಂದೆ.

ಹೋದ ಭಾನುವಾರ ಸಾಲೆಲ್ಲ ಕರಗಿದ ಮೇಲೆ ನಮ್ಮಾಕಿ ಬುತ್ತಿ ತಂದಳು. ಊರಿನ ಗಂಡಸರೆಲ್ಲ ನನ್ನ ಮೈಕಿನಲ್ಲಿ ಕೂಗಿದ್ದರು, ನಾನೊಬ್ಬ ಉಳಿದಿದ್ದೆ. ಗಂಟಲು ಸರಿಮಾಡಿಕೊಂಡು, ಮೈಕ್ ಕೈಗೆತ್ತಿಕೊಂಡು, ಗುಡ್ಡದ ಕಡೆ ತಿರುಗಿದೆ. ಎಂಟೂ ಹಾರ್ನಿನಲ್ಲಿ ನನ್ನ ಉಸಿರು ಕೇಳಿಸಿತು. ಹೆಸರು ನಾಲಿಗೆಯ ತುದಿಗೆ ಬಂದು ನಿಂತುಬಿಟ್ಟಿತು.

ಅವಳು ಬುತ್ತಿ ಬಿಚ್ಚುತ್ತ ತಲೆ ಎತ್ತಿ ನೋಡಿದಳು. "ಗುಡ್ಡಕ್ಕ ಯಾಕ ಹೇಳ್ತೀರಿ? ನಾ ಇಲ್ಲೇ ಬಗಲಾಗ ಕುಂತೀನಿ. ಮೆಲ್ಲಕ ಅಂದ್ರೂ ಕೇಳಸ್ತೈತಿ," ಎಂದಳು.

ನಾನು ಮೈಕ್ ಆಫ್ ಮಾಡಿದೆ. ಅವಳ ಪಕ್ಕದಲ್ಲಿ ಕುಳಿತು ಮೆಲ್ಲಗೆ ಅಂದೆ. ಏನಂದೆ ಎನ್ನುವುದು ಗುಡ್ಡಕ್ಕೂ ಗೊತ್ತಿಲ್ಲ, ನಿಮಗೂ ಹೇಳುವುದಿಲ್ಲ.